ಜಿಆರ್‌ಇ, ಐಇಎಲ್‌ಟಿಎಸ್ ಆನ್‌ಲೈನ್ ಕೋಚಿಂಗ್: ಕೊಡಗಿನಲ್ಲಿ ಕೂತು ಓದುವವರಿಗೆ ಎಷ್ಟು ಉಪಯೋಗ?

ಐದರಲ್ಲಿ ಎರಡೂವರೆ ಸ್ಟಾರ್. ಅದರಲ್ಲಿ ಎರಡು ಗಣಿತದ ಸರ್‌ಗೆ, ಉಳಿದ ಅರ್ಧ ಮಾತ್ರ ಸೆಂಟರ್‌ಗೆ.

ನಾನು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಬಿ.ಎಸ್ಸಿ. ಫಾರೆಸ್ಟ್ರಿ ಓದಿದವಳು. ಮನೆ ನಾಪೋಕ್ಲು ಹತ್ತಿರ. ಸ್ವಲ್ಪ ಕಾಫಿ ತೋಟ, ಸ್ವಲ್ಪ ಗದ್ದೆ. ಮಾಸ್ಟರ್ಸ್‌ಗೆ ಹೊರದೇಶಕ್ಕೆ ಹೋಗಬೇಕು ಅಂತ ಫೈನಲ್ ಇಯರ್‌ನಲ್ಲೇ ತಲೆಗೆ ಹೊಕ್ಕಿತ್ತು. ಅದಕ್ಕೆ ಕೆಲವು ಕಡೆ ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆ, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಕೇಳುತ್ತಾರೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನಲ್ಲಿ ನೀಟ್, ಸಿಇಟಿ ಟ್ಯೂಷನ್ ಕೇಳಿದರೆ ದಾರಿ ತೋರಿಸುವವರಿದ್ದಾರೆ. ಜಿಆರ್‌ಇ ಅಂದರೆ "ಅದು ಯಾವ ಬ್ಯಾಂಕ್ ಪರೀಕ್ಷೆ?" ಅಂತ ನಮ್ಮ ದೊಡ್ಡಪ್ಪನೇ ಕೇಳಿದರು. ಹಾಗಾಗಿ ಬೆಂಗಳೂರಿನಲ್ಲಿ ಆಫೀಸ್ ಇರುವ ಒಂದು ಸೆಂಟರ್‌ನ ಆನ್‌ಲೈನ್ ಪ್ಯಾಕೇಜ್ ತಗೊಂಡೆ. ಜಿಆರ್‌ಇ, ಐಇಎಲ್‌ಟಿಎಸ್ ಎರಡೂ ಸೇರಿ 36,000 ರೂಪಾಯಿ. ಸೆಂಟರ್ ಹೆಸರು ಹಾಕುವುದಿಲ್ಲ. ನಿಮ್ಮ ಫೋನಿಗೂ ಇಂಥದ್ದೇ ಪ್ಯಾಕೇಜ್‌ನ ಜಾಹೀರಾತು ಬರುತ್ತಿರುತ್ತದೆ. ದುಡ್ಡು ಕಟ್ಟುವ ಮುಂಚೆ ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

ಪ್ಯಾಕೇಜ್‌ನಲ್ಲಿ ಇದ್ದದ್ದು: ಸಂಜೆ ಏಳೂವರೆಗೆ ಲೈವ್ ಕ್ಲಾಸ್, ಅದರ ರೆಕಾರ್ಡಿಂಗ್, ಮಾಕ್ ಟೆಸ್ಟ್, ಪ್ರಬಂಧ ತಿದ್ದಿಕೊಡುವುದು, ಸ್ಪೀಕಿಂಗ್ ಅಭ್ಯಾಸ. ಜೊತೆಗೆ ‘ಪ್ರೊಫೈಲ್ ಕೌನ್ಸೆಲಿಂಗ್’ ಅಂತ ಒಂದು ಫೋನ್ ಕಾಲ್. ಆ ಕಾಲ್‌ನಲ್ಲಿ ಎಜುಕೇಷನ್ ಲೋನ್ ಬಗ್ಗೆ ಕೇಳಿದಷ್ಟು ನನ್ನ ಓದಿನ ಬಗ್ಗೆ ಕೇಳಲಿಲ್ಲ.

ನಮ್ಮ ಕಡೆಯವರಿಗೆ ಮೊದಲ ತೊಂದರೆ ಏನು ಅಂತ ಊಹಿಸಿರುತ್ತೀರಿ. ಕ್ಲಾಸ್ ಶುರುವಾದದ್ದು ಜೂನ್‌ನಲ್ಲಿ. ಮಳೆ ಹಿಡಿಯಿತು ಅಂದರೆ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯಿತು. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಯಿತು. ಇನ್ವರ್ಟರ್ ಇದ್ದರೂ ಅದರಿಂದ ನೆಟ್‌ವರ್ಕ್ ಹುಟ್ಟುವುದಿಲ್ಲವಲ್ಲ. ಇದು ಸೆಂಟರ್‌ನವರ ತಪ್ಪಲ್ಲ, ಒಪ್ಪುತ್ತೇನೆ. ಆದರೆ ರೆಕಾರ್ಡಿಂಗ್ ಡೌನ್‌ಲೋಡ್ ಮಾಡಲು ಬಿಡುವುದಿಲ್ಲ ಅನ್ನುವುದು ಅವರದ್ದೇ ನಿಯಮ. ನೆಟ್ ಇದ್ದಾಗಲೇ ಆ್ಯಪ್‌ನಲ್ಲಿ ನೋಡಬೇಕು. ಕಾರಣ ಕೇಳಿದರೆ "ಪೈರಸಿ ಆಗುತ್ತೆ ಮೇಡಂ" ಅಂದರು. ಕೊನೆಗೆ ಮೂರ್ನಾಡಿನ ಅತ್ತೆ ಮನೆಯಲ್ಲಿ ಫೈಬರ್ ಕನೆಕ್ಷನ್ ಇದ್ದದ್ದು ಕೈ ಹಿಡಿಯಿತು. ವಾರದ ಕ್ಲಾಸ್ ಎಲ್ಲ ಅಲ್ಲಿ ಶನಿವಾರ ನೋಡುತ್ತಿದ್ದೆ. ಅತ್ತೆ ಮನೆ ಇಲ್ಲದವರು ಏನು ಮಾಡಬೇಕೋ! ಜೂನ್‌ನಿಂದ ಸೆಪ್ಟೆಂಬರ್ ನಡುವೆ ಇಲ್ಲಿಂದ ಓದುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ವಿಡಿಯೊ ಡೌನ್‌ಲೋಡ್ ಆಗುತ್ತದಾ? ಇಲ್ಲ ಅಂದರೆ ಅರ್ಧ ದುಡ್ಡು ನೀರಿಗೆ.

ಈಗ ಗಣಿತದ ಸರ್ ಬಗ್ಗೆ. ಇವರಿಗೆ ಮಾತ್ರ ನಾನು ಕೈ ಮುಗಿಯುತ್ತೇನೆ.

ಪಿಯುಸಿ ಆದಮೇಲೆ ನಾನು ಗಣಿತ ಅಂತ ಕೂತದ್ದು ಕಡಿಮೆ. ಕ್ಯಾಲ್ಕುಲಸ್, ಟ್ರಿಗೊನೊಮೆಟ್ರಿ ಮತ್ತೆ ತೆಗೆಯಬೇಕೇನೋ ಅಂತ ಹೆದರಿದ್ದೆ. ಮೊದಲ ಕ್ಲಾಸ್‌ನಲ್ಲೇ ಸರ್ ಹೇಳಿದರು, ಅವೆರಡೂ ಜಿಆರ್‌ಇಯಲ್ಲಿ ಇಲ್ಲ. ಅಂಕಗಣಿತ, ಬೀಜಗಣಿತ, ರೇಖಾಗಣಿತ, ಡೇಟಾ. ಇಷ್ಟೇ. ಹೆಚ್ಚುಕಡಿಮೆ ಹೈಸ್ಕೂಲ್ ಮಟ್ಟದ್ದು, ಆದರೆ ಪ್ರಶ್ನೆ ಕೇಳುವ ರೀತಿ ವಕ್ರ. ಕಾಡಿನಲ್ಲಿ ನಿಂತು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಮರದ ಸುತ್ತಳತೆ ಅಳೆದು, ಹಾಸ್ಟೆಲ್‌ಗೆ ಬಂದು ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆದ ನಮ್ಮಂಥವರಿಗೆ ಡೇಟಾ ಭಾಗ ಸಲೀಸು. ಫಾರೆಸ್ಟ್ರಿ, ಅಗ್ರಿ ಓದಿದವರು ಹೆದರಬೇಡಿ.

ವಕ್ರ ಅಂದದ್ದು ‘ಕ್ವಾಂಟಿಟೇಟಿವ್ ಕಂಪ್ಯಾರಿಸನ್’ ಪ್ರಶ್ನೆಗಳಿಗೆ. ಎ, ಬಿ ಅಂತ ಎರಡು ಮೊತ್ತ ಕೊಡುತ್ತಾರೆ. ಉತ್ತರ ಯಾವಾಗಲೂ ಈ ನಾಲ್ಕರಲ್ಲಿ ಒಂದು: ಎ ದೊಡ್ಡದು, ಬಿ ದೊಡ್ಡದು, ಎರಡೂ ಸಮ, ಹೇಳಲು ಆಗುವುದಿಲ್ಲ. ಸರ್ ಬೋರ್ಡ್ ಮೇಲೆ ಎ ಕೆಳಗೆ x ವರ್ಗ, ಬಿ ಕೆಳಗೆ x ಬರೆದರು. ಚಾಟ್‌ನಲ್ಲಿ ಎಲ್ಲರೂ ಎ ಎ ಎ ಅಂತ ಹಾಕಿದರು. ಎರಡು ಹಾಕಿದರೆ ನಾಲ್ಕು ಬರುತ್ತದೆ, ದೊಡ್ಡದೇ ತಾನೇ? ಸರ್ ಸುಮ್ನೆ ಕಾದರು. ಆಮೇಲೆ ಕೇಳಿದರು: "ಸೊನ್ನೆ ಹಾಕಿದ್ರಾ? ಒಂದು ಹಾಕಿದ್ರಾ? ಅರ್ಧ ಹಾಕಿದ್ರಾ?" ಅರ್ಧ ಹಾಕಿದರೆ ವರ್ಗ ಕಾಲು ಆಗುತ್ತದೆ, ಚಿಕ್ಕದು. ಒಂದು ಹಾಕಿದರೆ ಸಮ. ಹಾಗಾದರೆ ಹೇಳಲು ಆಗುವುದಿಲ್ಲ, ಅದೇ ಉತ್ತರ. ಅಂದಿನಿಂದ ಇಂಥ ಪ್ರಶ್ನೆ ಕಂಡರೆ ಸೊನ್ನೆ, ಒಂದು, ಅರ್ಧ, ಮೈನಸ್ ಅಂತ ಬಾಯಲ್ಲಿ ಬರುತ್ತದೆ. ಪರದೆ ಮೇಲೆ ಕ್ಯಾಲ್ಕುಲೇಟರ್ ಕೊಡುತ್ತಾರೆ ಅಂತ ಎಲ್ಲದಕ್ಕೂ ಅದನ್ನು ಒತ್ತಬೇಡಿ ಅಂತಲೂ ಬೈಯುತ್ತಿದ್ದರು. 80ರ 15 ಶೇಕಡಕ್ಕೆ ಮೌಸ್ ಹಿಡಿದು ಗುಂಡಿ ಹುಡುಕುವಷ್ಟರಲ್ಲಿ ಬಾಯಲ್ಲೇ 12 ಅನ್ನಬಹುದು, ಅಲ್ವಾ?

ಶುರುವಿನಲ್ಲಿ ಬರೆದ ಟೆಸ್ಟ್‌ನಲ್ಲಿ ಕ್ವಾಂಟ್ (ಗಣಿತದ ಭಾಗ) 154 ಬಂದಿತ್ತು. ನಿಜವಾದ ಪರೀಕ್ಷೆಯಲ್ಲಿ 164. ಪ್ರತಿ ಭಾಗಕ್ಕೆ 130ರಿಂದ 170ರವರೆಗೆ ಅಂಕ. ಈ ಹತ್ತು ಅಂಕ ಪೂರ್ತಿ ಸರ್‌ದೇ.

ವರ್ಬಲ್, ಅಂದರೆ ಇಂಗ್ಲಿಷ್ ಭಾಗದ ಕ್ಲಾಸ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. 3,500 ಪದಗಳ ಒಂದು ಪಿಡಿಎಫ್ ಕಳಿಸಿದರು. ಕ್ಲಾಸ್‌ನಲ್ಲಿ ಮೇಡಂ ಅದನ್ನೇ ಓದಿದರು, ನಾವು ಕೇಳಿದೆವು. ಪರೀಕ್ಷೆಯಲ್ಲಿ ಹಾಗೆ ಒಂಟಿ ಪದದ ಅರ್ಥ ಕೇಳುವುದೇ ಇಲ್ಲ. ವಾಕ್ಯದಲ್ಲಿ ಒಂದರಿಂದ ಮೂರು ಜಾಗ ಖಾಲಿ ಬಿಟ್ಟಿರುತ್ತಾರೆ. ಮೂರು ಜಾಗ ಇದ್ದಲ್ಲಿ ಮೂರೂ ಸರಿ ಇದ್ದರೆ ಅಂಕ, ಎರಡು ಸರಿ ಮಾಡಿದರೆ ಏನೂ ಇಲ್ಲ. ಇನ್ನೊಂದು ಬಗೆಯಲ್ಲಿ ಆರು ಪದ ಕೊಟ್ಟು, ವಾಕ್ಯದ ಅರ್ಥ ಒಂದೇ ಆಗುವಂಥ ಎರಡನ್ನು ಆರಿಸಿ ಅನ್ನುತ್ತಾರೆ. ಅದಕ್ಕೆ ವಾಕ್ಯ ಓದಿ ಓದಿ ಅಭ್ಯಾಸ ಆಗಬೇಕು. ಪಟ್ಟಿ ಉರು ಹೊಡೆದು ಆಗುವುದಲ್ಲ. ನಾನು ಪಿಡಿಎಫ್ ಬದಿಗಿಟ್ಟು ಇಂಗ್ಲಿಷ್ ಪತ್ರಿಕೆಗಳ ವಿಜ್ಞಾನ ಲೇಖನ ಓದಿದೆ. 155 ಬಂತು. ನನಗೆ ಸಾಕು. ಒಂದು ಸಮಾಧಾನ: ನೀಟ್ ಥರ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಮಾಕ್ ಟೆಸ್ಟ್ ವಿಚಾರದಲ್ಲಿ ನನಗೆ ನಿಜವಾಗಿ ಕೋಪ ಬಂತು.

2023ರ ಸೆಪ್ಟೆಂಬರ್ 22ರಿಂದ ಜಿಆರ್‌ಇ ಚಿಕ್ಕದಾಗಿದೆ. ಮೊದಲು ಸುಮಾರು ಮೂರು ಮುಕ್ಕಾಲು ಗಂಟೆ ಕೂರಬೇಕಿತ್ತು, ಈಗ 1 ಗಂಟೆ 58 ನಿಮಿಷ. ಎರಡು ಪ್ರಬಂಧ ಇತ್ತು, ಈಗ ಒಂದೇ, 30 ನಿಮಿಷದ್ದು. ವರ್ಬಲ್‌ನಲ್ಲಿ 12 ಪ್ರಶ್ನೆಗೆ 18 ನಿಮಿಷ, ಆಮೇಲೆ 15 ಪ್ರಶ್ನೆಗೆ 23 ನಿಮಿಷ. ಕ್ವಾಂಟ್‌ನಲ್ಲಿ 12ಕ್ಕೆ 21, 15ಕ್ಕೆ 26. ನಡುವಿನ ಬ್ರೇಕ್ ಕೂಡ ಇಲ್ಲ. ಇವರ ಮೊದಲೆರಡು ಮಾಕ್ ಟೆಸ್ಟ್ ಹೊಸ ಮಾದರಿಯಲ್ಲೇ ಇದ್ದವು. ಮೂರನೆಯದು ತೆರೆದರೆ 20 ಪ್ರಶ್ನೆಯ ಸೆಕ್ಷನ್‌ಗಳು, ಕೈಬಿಟ್ಟು ಹೋದ ಆರ್ಗ್ಯುಮೆಂಟ್ ಪ್ರಬಂಧ, ನಡುವೆ ‘ಹತ್ತು ನಿಮಿಷ ವಿರಾಮ’! ಹಳೆಯ ಸರಕಿಗೆ ಹೊಸ ಲೇಬಲ್. ಸಪೋರ್ಟ್‌ಗೆ ಬರೆದೆ. "ಜಾಸ್ತಿ ಪ್ರಾಕ್ಟೀಸ್ ಆಗುತ್ತಲ್ವಾ ಮೇಡಂ" ಅಂತ ಉತ್ತರ ಬಂತು.

ಅದಕ್ಕಿಂತ ದೊಡ್ಡ ದೋಷ ಇನ್ನೊಂದಿತ್ತು. ನಿಜವಾದ ಜಿಆರ್‌ಇಯಲ್ಲಿ ಮೊದಲ ಸೆಕ್ಷನ್ ಹೇಗೆ ಮಾಡುತ್ತೀರಿ ಅನ್ನುವುದರ ಮೇಲೆ ಎರಡನೆಯದು ಎಷ್ಟು ಕಷ್ಟ ಅಂತ ನಿರ್ಧಾರ ಆಗುತ್ತದೆ. ಇವರ ಟೆಸ್ಟ್‌ನಲ್ಲಿ ಹಾಗಾಗುತ್ತದಾ ಅಂತ ನಾನು, ಇದೇ ಪ್ಯಾಕೇಜ್ ತಗೊಂಡಿದ್ದ ನನ್ನ ಕ್ಲಾಸ್‌ಮೇಟ್ ಸೇರಿ ನೋಡಿದೆವು. ನಾನು ಮೊದಲ ಸೆಕ್ಷನ್ ಸರಿಯಾಗಿ ಮಾಡಿದೆ, ಅವಳು ಬೇಕಂತಲೇ ಎಲ್ಲ ತಪ್ಪು ಒತ್ತಿದಳು. ಎರಡನೇ ಸೆಕ್ಷನ್‌ನಲ್ಲಿ ಇಬ್ಬರಿಗೂ ಅದೇ ಹದಿನೈದು ಪ್ರಶ್ನೆ, ಅದೇ ಕ್ರಮದಲ್ಲಿ. ಇಂಥ ಟೆಸ್ಟ್ ಕೊಡುವ ಅಂಕ ನೋಡಿ ಸಂತೋಷಪಡುವುದೂ ದಂಡ, ಅಳುವುದೂ ದಂಡ.

ಪರೀಕ್ಷೆ ನಡೆಸುವ ಇಟಿಎಸ್‌ನವರೇ ಪವರ್‌ಪ್ರೆಪ್ ಅಂತ ಎರಡು ಪೂರ್ತಿ ಟೆಸ್ಟ್ ಪುಕ್ಕಟೆ ಕೊಡುತ್ತಾರೆ. ಅಕೌಂಟ್ ಮಾಡಿಕೊಂಡರೆ ಸಾಕು. ಪರದೆ, ಕ್ಯಾಲ್ಕುಲೇಟರ್, ಪ್ರಶ್ನೆ ಗುರುತು ಹಾಕಿ ವಾಪಸ್ ಬರುವ ಬಟನ್, ಎಲ್ಲ ಅಸಲಿ ಪರೀಕ್ಷೆಯ ಹಾಗೇ. ಒಂದನ್ನು ಓದು ಶುರುಮಾಡುವಾಗ ಬರೆಯಿರಿ, ಇನ್ನೊಂದನ್ನು ಪರೀಕ್ಷೆ ಹತ್ತಿರ ಬಂದಾಗ. ಗಣಿತದ ಪುನರಾವರ್ತನೆಗೆ ಅವರದ್ದೇ ಪಿಡಿಎಫ್ ಇದೆ, ಅದಕ್ಕೂ ದುಡ್ಡಿಲ್ಲ. ಪ್ರಬಂಧಕ್ಕೆ ಬರಬಹುದಾದ ವಿಷಯಗಳ ಪೂರ್ತಿ ಪಟ್ಟಿಯನ್ನೂ ಅವರ ವೆಬ್‌ಸೈಟ್‌ನಲ್ಲಿ ಹಾಕಿದ್ದಾರೆ. ನಮ್ಮ ಸೆಂಟರ್ ಆ ಪಟ್ಟಿಯಿಂದಲೇ ಒಂದಷ್ಟು ಹೆಕ್ಕಿ ‘ಎಕ್ಸ್‌ಕ್ಲೂಸಿವ್ ಟಾಪಿಕ್ಸ್’ ಅಂತ ಕಳಿಸಿತ್ತು. ನಗಬೇಕೋ ಏನು ಮಾಡಬೇಕೋ.

ಪ್ರಬಂಧ ತಿದ್ದುವ ಕೆಲಸ ಸಾಫ್ಟ್‌ವೇರ್‌ನದ್ದು. ಒಂದು ನಿಮಿಷದಲ್ಲಿ ಅಂಕ ಬರುತ್ತದೆ, ಆರಕ್ಕೆ ಐದು. ಯಾವುದು ಬರೆದರೂ ಐದು. ಅನುಮಾನ ಬಂದು ನನ್ನದೇ ಪ್ರಬಂಧದ ಮಧ್ಯದ ಪ್ಯಾರಾವನ್ನು ಕಾಪಿ ಮಾಡಿ ಇನ್ನೊಂದು ಸಲ ಕೆಳಗೆ ಅಂಟಿಸಿ ಕಳಿಸಿದೆ. ಐದೂವರೆ ಆಯಿತು!

ಐಇಎಲ್‌ಟಿಎಸ್ ಕಡೆ ಬರೋಣ. ಲಿಸನಿಂಗ್ ಅರ್ಧ ಗಂಟೆ, ರೀಡಿಂಗ್ ಒಂದು ಗಂಟೆ, ಎರಡಕ್ಕೂ 40 ಪ್ರಶ್ನೆ. ಇವೆರಡಕ್ಕೆ ಕ್ಲಾಸ್ ಬೇಕಿಲ್ಲ. ಕೇಂಬ್ರಿಜ್‌ನವರು ಅಚ್ಚು ಹಾಕಿಸುವ ಪ್ರಶ್ನೆಪತ್ರಿಕೆಗಳ ಪುಸ್ತಕ ಒಂದೆರಡು ತರಿಸಿ, ಗಡಿಯಾರ ಇಟ್ಟು ಕೂತರೆ ಆಯಿತು. ಲಿಸನಿಂಗ್‌ನಲ್ಲಿ ಆಡಿಯೊ ಒಂದೇ ಸಲ ಕೇಳಿಸುತ್ತಾರೆ. ಸ್ಪೆಲ್ಲಿಂಗ್ ತಪ್ಪಾದರೆ ಉತ್ತರವೂ ತಪ್ಪು. ಮನೆ ಚಾವಣಿಯ ಶೀಟಿನ ಮೇಲೆ ಜುಲೈ ಮಳೆ ಸುರಿಯುವಾಗ ಸ್ಪೀಕರ್‌ನಲ್ಲಿ ಅಭ್ಯಾಸ ಆಗುವ ಮಾತಲ್ಲ. ಒಳ್ಳೆಯ ಹೆಡ್‌ಫೋನ್‌ಗೆ ದುಡ್ಡು ಹಾಕಿ.

ರೈಟಿಂಗ್ ತಿದ್ದಲು ಇಲ್ಲಿ ಮನುಷ್ಯರೇ ಇದ್ದರು. ಪರವಾಗಿಲ್ಲ ಅನ್ನಬಹುದು. ಮೊದಲನೇ ಟಾಸ್ಕ್‌ಗೆ (ಚಿತ್ರ, ಗ್ರಾಫ್ ನೋಡಿ ವಿವರಿಸುವುದು) ಕನಿಷ್ಠ 150 ಪದ, ಎರಡನೆಯದಕ್ಕೆ (ಪ್ರಬಂಧ) 250, ಎರಡನೆಯದಕ್ಕೆ ಮೊದಲನೆಯದರ ದುಪ್ಪಟ್ಟು ತೂಕ. ಅದಕ್ಕೇ ಸಮಯವನ್ನು ಇಪ್ಪತ್ತು, ನಲವತ್ತು ಅಂತ ಹಂಚಿಕೊಳ್ಳಿ ಅಂತ ಒತ್ತಿ ಒತ್ತಿ ಹೇಳಿದರು. ಒಂದು ಅಭ್ಯಾಸದಲ್ಲಿ ಕಾಫಿ ಹಣ್ಣಿನಿಂದ ಪುಡಿ ಆಗುವವರೆಗಿನ ಚಿತ್ರ ಬಂತು. ಕೊಡಗಿನವರಿಗೆ ಇದಕ್ಕಿಂತ ಸುಲಭದ್ದು ಉಂಟಾ? ಆದರೆ ಚಿತ್ರದಲ್ಲಿ ಇರುವುದನ್ನು ಮಾತ್ರ ಬರೆಯಬೇಕು. ನಮ್ಮ ಮನೆ ಕಣದಲ್ಲಿ ಹೇಗೆ ಒಣಗಿಸುತ್ತೇವೆ ಅನ್ನುವುದು ಅಲ್ಲಿ ಯಾರಿಗೂ ಬೇಡ. ಈ ಎಚ್ಚರಿಕೆಯನ್ನು ಮುಂಚೆಯೇ ಕೊಟ್ಟಿದ್ದರು.

ಸ್ಪೀಕಿಂಗ್ ಕಥೆ ಬೇರೆ. ಪರೀಕ್ಷೆಯಲ್ಲಿ ಎದುರಿಗೆ ಒಬ್ಬರು ಕೂತು 11ರಿಂದ 14 ನಿಮಿಷ ಮಾತಾಡಿಸುತ್ತಾರೆ. ನಡುವೆ ಒಂದು ಕಾರ್ಡ್ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿ ಅನ್ನುತ್ತಾರೆ. ಅಭ್ಯಾಸದಲ್ಲಿ ನನಗೆ ಬಂದ ಕಾರ್ಡ್: ವಿಶೇಷ ದಿನದಲ್ಲಿ ಮಾಡುವ ಒಂದು ತಿಂಡಿಯ ಬಗ್ಗೆ ಹೇಳಿ. ಆಗ ಕಕ್ಕಡ ತಿಂಗಳು. ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡಿ ಇನ್ನೂ ಬಾಯಲ್ಲಿ ರುಚಿ ಇತ್ತು. ಕಕ್ಕಡದ 18ನೇ ದಿನ, ಆಗಸ್ಟ್ 3ರ ಆಸುಪಾಸಿನಲ್ಲಿ, ಆ ಸೊಪ್ಪಿನಲ್ಲಿ 18 ಬಗೆಯ ಔಷಧಿ ಗುಣ ಸೇರುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ ಆಗುವುದು, ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕುವುದು, ಮಾರನೇ ದಿನ ಮೂತ್ರ ಕೆಂಪಾದದ್ದು ನೋಡಿ ಹೊಸಬರು ಗಾಬರಿ ಆಗುವುದು, ಎಲ್ಲ ಹೇಳಿದೆ. ಗಿಡದ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್ ಅಂತಲೂ ಸೇರಿಸಿದೆ, ಅರಣ್ಯ ಕಾಲೇಜಿನ ಜಂಬ.

ಮುಗಿದ ಮೇಲೆ ಮೇಡಂ ಹೇಳಿದ್ದು ಇಷ್ಟು: "ತುಂಬಾ ಲೋಕಲ್ ಆಯ್ತು. ದೀಪಾವಳಿ, ಲಡ್ಡು ಅಂತ ಹೇಳಿ, ಸೇಫ್. ನಾನು ಟೆಂಪ್ಲೇಟ್ ಕಳಿಸ್ತೀನಿ."

ಟೆಂಪ್ಲೇಟ್ ಬಂತು. ಯಾವ ಪ್ರಶ್ನೆ ಕೇಳಿದರೂ ಶುರು ಮಾಡಲು ಒಂದೇ ವಾಕ್ಯ. ಬ್ಯಾಚ್‌ನವರೆಲ್ಲ ಅದನ್ನೇ ಉರು ಹೊಡೆಯುತ್ತಿದ್ದರು. ಇದನ್ನು ನಾನು ಒಪ್ಪುವುದಿಲ್ಲ. ಐಇಎಲ್‌ಟಿಎಸ್‌ನಲ್ಲಿ ಅಂಕ ಕೊಡುವುದು ತಡೆಯಿಲ್ಲದೆ ಮಾತಾಡುವುದು, ಪದಗಳು, ವ್ಯಾಕರಣ, ಉಚ್ಚಾರಣೆ ಈ ನಾಲ್ಕಕ್ಕೆ, ಸಮಪಾಲು. ಲಡ್ಡುವಿಗೂ ಪಾಯಸಕ್ಕೂ ಬೇರೆ ಬೇರೆ ಅಂಕ ಇಲ್ಲ. ತನಗೆ ಚೆನ್ನಾಗಿ ಗೊತ್ತಿರುವುದರ ಬಗ್ಗೆ ಯಾರಾದರೂ ಎರಡು ನಿಮಿಷ ಮಾತಾಡಬಹುದು. ಬಾಯಿಪಾಠ ಮಾಡಿದ್ದು ಪರೀಕ್ಷಕರಿಗೆ ಗೊತ್ತಾಗದೇ ಇರುವುದಿಲ್ಲ. ಆಮೇಲೆ ನಾನು, ಕ್ಲಾಸ್‌ಮೇಟ್ ಸಂಜೆ ಹೊತ್ತು ಫೋನಿನಲ್ಲೇ ಒಬ್ಬರಿಗೊಬ್ಬರು ಕಾರ್ಡ್ ಕೊಟ್ಟು ಮಾತಾಡಿದೆವು. ಆನೆ ಬಂದು ಬಾಳೆ ಮುರಿದದ್ದು, ಕೈಲ್‌ಪೋಳ್ದ್ ಹಬ್ಬಕ್ಕೆ ನೆಂಟರ ಮನೆಗೆ ಹೋದದ್ದು, ಏನು ಬೇಕಾದರೂ. ರೆಕಾರ್ಡ್ ಮಾಡಿ ಕೇಳಿದರೆ ನಮ್ಮ ತಡವರಿಕೆ ನಮಗೇ ಗೊತ್ತಾಗುತ್ತದೆ. ಇದಕ್ಕೆ ಫೋನ್ ರೀಚಾರ್ಜ್ ಬಿಟ್ಟರೆ ಖರ್ಚಿಲ್ಲ.

ಪರೀಕ್ಷೆಯಲ್ಲಿ ನನಗೆ ಒಂಬತ್ತಕ್ಕೆ ಬಂದದ್ದು: ಲಿಸನಿಂಗ್ 8, ರೀಡಿಂಗ್ 7.5, ರೈಟಿಂಗ್ 6.5, ಸ್ಪೀಕಿಂಗ್ 7. ಸರಾಸರಿ 7.25. ಕಾಲು ಬಂದರೆ ಮೇಲಿನ ಅರ್ಧಕ್ಕೆ ಏರಿಸುತ್ತಾರೆ, ಹಾಗಾಗಿ ಒಟ್ಟು 7.5. ಆದರೆ ಕೆಲವು ಯೂನಿವರ್ಸಿಟಿಗಳು ಒಟ್ಟು ಅಂಕದ ಜೊತೆ ಒಂದೊಂದು ಭಾಗಕ್ಕೂ ಕನಿಷ್ಠ ಇಷ್ಟು ಅಂತ ಇಟ್ಟಿರುತ್ತವೆ, ಅದನ್ನು ನೋಡಿಕೊಳ್ಳಿ. ಕಂಪ್ಯೂಟರ್‌ನಲ್ಲಿ ಬರೆದವರಿಗೆ ಒಂದು ಭಾಗವನ್ನು ಮಾತ್ರ ಮತ್ತೆ ಬರೆಯುವ ಅವಕಾಶ ಇದೆ, 60 ದಿನದ ಒಳಗೆ. ಆದರೆ ಆ ಅಂಕವನ್ನು ಎಲ್ಲ ಯೂನಿವರ್ಸಿಟಿಗಳೂ ಒಪ್ಪುವುದಿಲ್ಲ. ಐಇಎಲ್‌ಟಿಎಸ್ ಅಂಕ ಎರಡು ವರ್ಷ ನಡೆಯುತ್ತದೆ, ಜಿಆರ್‌ಇಯದ್ದು ಐದು ವರ್ಷ.

ಇನ್ನು ‘ಪ್ರೊಫೈಲ್ ಕೌನ್ಸೆಲಿಂಗ್’. ನನಗೆ ಜಿಆರ್‌ಇ ಬೇಕಾ ಬೇಡವಾ ಅಂತ ಅವರು ಒಂದು ಮಾತೂ ಕೇಳಲಿಲ್ಲ. ಕಾಂಬೋ ಮಾರಿದರು, ಮುಗಿಯಿತು. ಕೊರೊನಾ ಆದಮೇಲೆ ಅಮೆರಿಕದಲ್ಲೂ ಎಷ್ಟೋ ವಿಭಾಗಗಳು ಜಿಆರ್‌ಇ ಕಡ್ಡಾಯ ಅನ್ನುವುದನ್ನು ತೆಗೆದಿವೆ. ಅರಣ್ಯ ವಿಜ್ಞಾನಕ್ಕೆ ಹಳೆಯ ಹೆಸರು ಇರುವುದು ಜರ್ಮನಿಗೆ. ಗಟ್ಟಿಂಗನ್, ಫ್ರೈಬರ್ಗ್ ಅಂತ ನಮ್ಮ ಲೆಕ್ಚರರ್‌ಗಳು ಕೊರೆಯುತ್ತಲೇ ಇದ್ದರು. 1864ರಲ್ಲಿ ಭಾರತದ ಮೊದಲ ಅರಣ್ಯ ಇನ್ಸ್‌ಪೆಕ್ಟರ್ ಜನರಲ್ ಆದ ಬ್ರಾಂಡಿಸ್ ಕೂಡ ಅಲ್ಲಿಯವರೇ. ಆ ದೇಶದ ಸರ್ಕಾರಿ ಯೂನಿವರ್ಸಿಟಿಗಳ ಹೆಚ್ಚಿನ ಕೋರ್ಸ್‌ಗಳಿಗೆ ಜಿಆರ್‌ಇ ಬೇಡ. ಅದರ ಬದಲು ಭಾರತದವರು ಎಪಿಎಸ್ ಸರ್ಟಿಫಿಕೇಟ್ (ನಮ್ಮ ಮಾರ್ಕ್ಸ್ ಕಾರ್ಡ್, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ) ತಗೋಬೇಕು, 2022ರ ನವೆಂಬರ್‌ನಿಂದ ಇದು ಕಡ್ಡಾಯ. ಈ ಎಪಿಎಸ್ ಅನ್ನುವ ಮೂರಕ್ಷರ ಕೌನ್ಸೆಲರ್ ಬಾಯಲ್ಲಿ ಬರಲೇ ಇಲ್ಲ. ನಾನು ಜಿಆರ್‌ಇ ಬರೆದದ್ದು ಅಮೆರಿಕದ ಒಂದೆರಡು ಕಡೆಗೂ ಅರ್ಜಿ ಹಾಕುವ ಇರಾದೆ ಇದ್ದದ್ದಕ್ಕೆ. ಬರೀ ಯುರೋಪ್ ಅಂತಿದ್ದರೆ ಪರೀಕ್ಷಾ ಶುಲ್ಕವೇ 20 ಸಾವಿರದ ಮೇಲೆ ಉಳಿಯುತ್ತಿತ್ತು. ಮೊದಲು ಕೋರ್ಸ್‌ನ ಅಡ್ಮಿಷನ್ ಪುಟ ಓದಿ, ಆಮೇಲೆ ಕೋಚಿಂಗ್ ಹುಡುಕಿ. ಐಇಎಲ್‌ಟಿಎಸ್ ಬದಲು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಯೋಚನೆ ಇರುವವರಿಗೆ ಒಂದು ಮಾತು: 2026ರ ಜನವರಿಯಿಂದ ಅದರ ರೂಪ ಬದಲಾಗಿದೆ, ಅಂಕ ಕೊಡುವುದೂ 1ರಿಂದ 6ರ ಲೆಕ್ಕದಲ್ಲಿ. ಹಳೆಯ ಪುಸ್ತಕ ಕೊಳ್ಳಬೇಡಿ.

ಜಿಆರ್‌ಇ ಮನೆಯಲ್ಲೇ ಕೂತು ಬರೆಯಬಹುದು ಅಂತ ಸೆಂಟರ್‌ನವರು ಆಸೆ ಹುಟ್ಟಿಸುತ್ತಾರೆ. ಬರೆಯಬಹುದು, ನಿಜ. ಆದರೆ ಕೋಣೆಯಲ್ಲಿ ಒಬ್ಬರೇ ಇರಬೇಕು, ಯಾರೂ ಒಳಗೆ ಬರಬಾರದು. ಮಾಮೂಲಿ ಕಾಗದ ಬಳಸುವ ಹಾಗಿಲ್ಲ, ಬರೆದು ಅಳಿಸಬಹುದಾದ ಚಿಕ್ಕ ಬಿಳಿ ಬೋರ್ಡ್‌ನಂಥದ್ದು ಬೇಕು. ಕ್ಯಾಮೆರಾದಲ್ಲಿ ಒಬ್ಬರು ನೋಡುತ್ತಲೇ ಇರುತ್ತಾರೆ. ನಮ್ಮನೆಯಲ್ಲಿ ಅಜ್ಜಿಗೆ ಎಷ್ಟು ಹೇಳಿದರೂ ಕಾಫಿ ಲೋಟ ಹಿಡಿದು ಬಂದೇ ಬರುತ್ತಾರೆ. ನೆಟ್ ಕಥೆ ಹೇಳಿಯಾಗಿದೆ. ಬಸ್ ಹತ್ತಿ ಬೆಂಗಳೂರಿಗೆ ಹೋಗಿ, ಚಿಕ್ಕಮ್ಮನ ಮನೆಯಲ್ಲಿ ಮಲಗಿ, ಸೆಂಟರ್‌ನಲ್ಲಿ ಬರೆಯುವುದೇ ಕ್ಷೇಮ. ಮಳೆಗಾಲದಲ್ಲಿ ಡೇಟ್ ತಗೊಳ್ಳುವವರು ಒಂದು ದಿನ ಮುಂಚೆಯೇ ಹೊರಡಿ. ನಮಗೆ ರೈಲು ಇಲ್ಲ, ರಸ್ತೆ ಒಂದೇ ಗತಿ.

ಕೊಡಗಿನವರು ಗಮನಿಸಬೇಕಾದ ಇನ್ನೊಂದು ವಿಷಯ ಹೆಸರು. ನಮ್ಮಲ್ಲಿ ಮನೆಹೆಸರು ಮೊದಲು, ಆಮೇಲೆ ನಮ್ಮ ಹೆಸರು. ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಎರಡೂ ಪರೀಕ್ಷೆಗೆ ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ನೋಂದಣಿ ಮಾಡಬೇಕು. ಈ ಒಂದು ವಿಷಯದಲ್ಲಿ ಸೆಂಟರ್‌ನ ಹೆಲ್ಪ್‌ಡೆಸ್ಕ್ ಹುಡುಗ ತಾಳ್ಮೆಯಿಂದ ಫೋನಿನಲ್ಲಿ ಕೂತು ಅಕ್ಷರ ಅಕ್ಷರ ನೋಡಿ ಫಾರಂ ತುಂಬಿಸಿದ. ಆ ಅರ್ಧ ಸ್ಟಾರ್ ಅವನಿಂದ ಬಂದದ್ದು.

ರೇಟ್ ಬಗ್ಗೆ: ಮೊದಲು 48,000 ಅಂದಿದ್ದರು. ಯೋಚನೆ ಮಾಡಿ ಹೇಳುತ್ತೇನೆ ಅಂದ ಕೂಡಲೇ ಅದೇ ಕಾಲ್‌ನಲ್ಲಿ 36,000ಕ್ಕೆ ಇಳಿದರು. ಇನ್ನೂ ಎಳೆದರೆ ಇನ್ನೂ ಇಳಿಯುತ್ತಾರೆ. ಬರೀ ಗಣಿತದ ಕ್ಲಾಸ್ ಸಾಕು ಅನ್ನುವವರು ನೇರವಾಗಿ ಕೇಳಿ. ನಮ್ಮ ಕಾಲೇಜಿನ ಜೂನಿಯರ್ ಒಬ್ಬಳು ಹಾಗೇ ಕೇಳಿ 8,000ಕ್ಕೆ ತಗೊಂಡಳು. ವೆಬ್‌ಸೈಟ್‌ನಲ್ಲಿ ಆ ಆಯ್ಕೆ ಎಲ್ಲೂ ಕಾಣುವುದಿಲ್ಲ.